ಮಣಿಬಾ ಉಳಿಸಿಕೊಟ್ಟ ಗಾದಿ

ಅಹಮದಾಬಾದಿನ ಸರಸ್‌ಪುರದಲ್ಲಿ ನಾವಿದ್ದ ಮನೆಗೆ ಎರಡು ಅಂತಸ್ತು. ಮೇಲೆ ನಾವು, ಕೆಳಗೆ ಮನೆಯ ಒಡತಿ ಮಣಿಬಾ. ಗುಜರಾತಿಯಲ್ಲಿ ಹಿರಿಯ ಹೆಂಗಸರ ಹೆಸರಿಗೆ 'ಬಾ' ಸೇರಿಸುತ್ತಾರೆ, ತಾಯಿ ಎಂಬ ಅರ್ಥದಲ್ಲಿ. ಧಾರವಾಡದಿಂದ ಆಗಷ್ಟೇ ಹೋಗಿದ್ದ ನನಗೆ ಮಾತ್ರ ಯಾರಾದರೂ ಅವರನ್ನು ಕೂಗಿದರೆ ಮಣಿ ಎಂಬ ಹುಡುಗಿಯನ್ನು ಆಟಕ್ಕೆ ಕರೆದಂತೆ ಕೇಳಿಸಿ ನಗು ಬರುತ್ತಿತ್ತು. ಮಣಿಬಾ ಬಿಳಿ ಸೀರೆ ಉಡುತ್ತಿದ್ದ ವಿಧವೆ. ಒಬ್ಬನೇ ಮಗ ಸೂರತ್ತಿನಲ್ಲಿ ಬಟ್ಟೆ ವ್ಯಾಪಾರಕ್ಕೆ ನಿಂತಿದ್ದ. ಕೆಳಗಿನ ಪಡಸಾಲೆಯಲ್ಲಿ ಹಿತ್ತಾಳೆಯ ಸರಪಳಿಗೆ ತೂಗಿಬಿಟ್ಟ ಅಗಲವಾದ ತೂಗುಮಣೆಯಿತ್ತು. ಶಾಲೆಯಿಂದ ಬಂದವಳೇ ಪಾಟಿಚೀಲ ಎಸೆದು ನಾನು ಅದರ ಮೇಲೆ ಬೀಳುತ್ತಿದ್ದೆ. ಮಣಿಬಾ ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತ ತೂಗುತ್ತಿದ್ದರು, ಬಿಸಿ ಸಜ್ಜೆ ರೊಟ್ಟಿಯ ಮೇಲೆ ಬೆಲ್ಲ ತುಪ್ಪ ಹಾಕಿ ಬಾಯಿಗೆ ತುರುಕುತ್ತಿದ್ದರು. ಮೇಲಿನಿಂದ ಅವ್ವ ಕೂಗಿದರೆ, 'ಇನ್ನೂ ತಿಂತಾ ಇದ್ದಾಳೆ, ಇರು' ಎಂದು ಅವರೇ ಉತ್ತರ ಕೊಡುತ್ತಿದ್ದರು. ನನ್ನ ಹೇನು ತೆಗೆದವರು ಅವರು, ಗುಜರಾತಿ ಅಕ್ಷರ ತಿದ್ದಿಸಿದವರು ಅವರು. ಮೇಲಕ್ಕೆ ಹತ್ತಲು ಏಣಿಯಂಥ ಕಡಿದಾದ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ. ಹಾಗಾಗಿ ನಾನು ಎಷ್ಟೋ ಸಂಜೆ ಮೇಲೆ ಹೋಗುತ್ತಲೇ ಇರಲಿಲ್ಲ. ಅವರ ಮಗ್ಗುಲಲ್ಲಿ ನಿದ್ದೆ ಮಾಡಿದ ನನ್ನನ್ನು ಅಪ್ಪ ಹೆಗಲ ಮೇಲೆ ಹೊತ್ತು ತರುತ್ತಿದ್ದ.

ನಮ್ಮ ಓಣಿಗೆ ಪೋಳ್ ಎನ್ನುತ್ತಿದ್ದರು. ಎರಡೂ ಕಡೆ ಒಂದಕ್ಕೊಂದು ಆತು ನಿಂತ ಮನೆಗಳು, ಹೋಗಿಬರಲು ಒಂದೇ ದೊಡ್ಡ ಬಾಗಿಲು. ಆ ಬಾಗಿಲಿಗೆ ಹೊಂದಿಕೊಂಡಂತೆ ಕಾಸಮ್‌ಭಾಯ್‌ನ ಅಂಗಡಿ. ನಮ್ಮ ಕಿಟಕಿಯಿಂದ ನೇರ ಕಾಣುತ್ತಿತ್ತು. ಆತ ಹತ್ತಿ ಹಿಂಜುವವನು. ಮುಂದೆ ಅಂಗಡಿ, ಹಿಂದೆ ಹೆಂಡತಿ ಮಕ್ಕಳೊಡನೆ ಸಂಸಾರ. ಹತ್ತಿ ಹಿಂಜುವವರನ್ನು ಗುಜರಾತಿಯಲ್ಲಿಯೂ 'ಪಿಂಜಾರಾ' ಎನ್ನುತ್ತಾರೆಂದು ತಿಳಿದಾಗ ಅವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪರ ಊರಿನಲ್ಲಿ ಅವಳಿಗೆ ಕೇಳಿಸಿದ ಮೊದಲ ಮನೆಯ ಮಾತು ಅದು. ಧಾರವಾಡದಲ್ಲಿ ತನ್ನ ತವರಿನ ಹಿಂದಿನ ಓಣಿ ಪಿಂಜಾರ ಓಣಿಯಾಗಿತ್ತೆಂದು ಆತನಿಗೆ ಹರಕು ಗುಜರಾತಿಯಲ್ಲಿ ಹೇಳಿದಳು. ಆತ ತನ್ನ ಬಿಲ್ಲನ್ನು ತೋರಿಸಿ, ಇದು ನನ್ನ ಅಪ್ಪನದು ಎಂದ. ಆಳುದ್ದದ ಆ ಬಿಲ್ಲಿನ ತಂತಿಯನ್ನು ಕಟ್ಟಿಗೆಯ ಗುಂಡಿನಿಂದ ಮೀಟಿದರೆ ಹೊರಡುವ 'ಡೊಂಯ್ ಡೊಂಯ್' ಸದ್ದಿಗೆ ನಮ್ಮ ಮನೆಯ ತಟ್ಟೆ ಲೋಟಗಳು ನಡುಗುತ್ತಿದ್ದವು. ಮಳೆಗಾಲ ಮುಗಿಯುತ್ತ ಬಂದಂತೆ ಪೋಳಿನ ಮನೆಮನೆಯ ಗಾದಿಗಳು ಆತನ ಅಂಗಡಿ ಸೇರುತ್ತಿದ್ದವು. ಆತ ಅವುಗಳ ಹೊಟ್ಟೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಆ ವರ್ಷ ಮಣಿಬಾ ತಮ್ಮ ನೀಲಿ ಪಟ್ಟೆಯ ಗಾದಿಯನ್ನು ಕಳಿಸುವಾಗ ನಮ್ಮ ಕೆಂಪು ಪಟ್ಟೆಯ ಗಾದಿಯನ್ನೂ ಕಳಿಸಿದ್ದರು.

ಅದೇ ವರ್ಷ ವಸಂತ ಕಾಕಾ ನಮ್ಮಲ್ಲಿ ಬಂದು ಉಳಿದದ್ದು. ಅಪ್ಪನ ತಮ್ಮ. ಬರೋಡಾದಲ್ಲಿ ಇತಿಹಾಸ ಓದಿ, ಅಲ್ಲಿಯೇ ಸಂಶೋಧನೆಗೆ ಸೇರಿದ್ದ. ಅವನ ವಿಷಯ ಅಮೆರಿಕದ ನಗರಗಳಲ್ಲಿ ನಡೆದ ಗಲಭೆಗಳು. ಹಾಸ್ಟೆಲಿನ ಗದ್ದಲದಲ್ಲಿ ಬರೆಯಲಾಗದು ಎಂದು ನಮ್ಮ ಮುಂದಿನ ಕೋಣೆಯ ಕಿಟಕಿಯ ಬಳಿ ಮೇಜು ಹಾಕಿಕೊಂಡಿದ್ದ. ಮುಂಬಯಿಯಿಂದ ಅಂಚೆಯಲ್ಲಿ ದಪ್ಪ ದಪ್ಪ ಪುಸ್ತಕಗಳು ಬರುತ್ತಿದ್ದವು. ಊಟಕ್ಕೆ ಕುಳಿತಾಗ ಅಪ್ಪ ಬೇಕೆಂದೇ ಕೆಣಕುತ್ತಿದ್ದ. ರೈಲ್ವೆ ಕಚೇರಿಯಲ್ಲಿ ದುಡಿದು ತಮ್ಮನನ್ನು ಓದಿಸಿದ ಅಣ್ಣ ಅವನು. ಆ ಓದು ಏನೆಂದು ತಿಳಿಯುವ ಹಕ್ಕು ತನಗಿದೆ ಎಂಬ ಧಾಟಿ ಅವನ ಮಾತಿನಲ್ಲಿರುತ್ತಿತ್ತು.

"ಗಲಾಟಿ ಅಂದ್ರ ಗಲಾಟಿ. ಅದರಾಗ ಅಭ್ಯಾಸ ಮಾಡೂದೇನದನೋ?"

"ಎಲ್ಲಾ ಒಂದ ನಮೂನಿ ಇರೂದಿಲ್ಲಣ್ಣಾ. ಜ್ವರದಾಗ ಹೆಂಗ ಬ್ಯಾರೆ ಬ್ಯಾರೆ ಅದಾವೋ ಹಂಗ. ಯಾವ ಜ್ವರಾ ಅಂತ ತಿಳೀಲಿಲ್ಲಂದ್ರ ಔಷಧ ಏನ ಕೊಡ್ತೀ?"

ಹಾಗೆ ಹೇಳಿ ಅವನು ತನ್ನ ವಿಂಗಡಣೆಯನ್ನು ನಮಗೆ ತಿಳಿಯುವ ಮಾತಿನಲ್ಲಿ ಬಿಡಿಸಿಡುತ್ತಿದ್ದ. ಕೂಲಿಗಾಗಿ, ಕಾಳಿಗಾಗಿ ಎದ್ದದ್ದು ಹೊಟ್ಟೆ ಗಲಾಟೆ. ಒಬ್ಬರ ಓಣಿಗೆ ಇನ್ನೊಬ್ಬರು ಬಂದು ನೆಲೆಸಿದರೆಂದು, ಬಿಳಿಯರು ಕರಿಯರ ಕೇರಿಗೆ ನುಗ್ಗಿ ಹೊಡೆದದ್ದು ಗಡಿ ಗಲಾಟೆ. ಈಚಿನ ವರ್ಷಗಳಲ್ಲಿ ಅಲ್ಲಿನ ಕರಿಯರು ಪೊಲೀಸರ ಮೇಲಿನ ಸಿಟ್ಟಿಗೆ ತಮ್ಮದೇ ಕೇರಿಯ ಅಂಗಡಿಗಳನ್ನು ಒಡೆದದ್ದು ಅಂಗಡಿ ಗಲಾಟೆ. ಮೂರೂ ಪದಗಳು ನನಗೆ ಬಾಯಿಪಾಠವಾಗಿದ್ದವು. ನಲ್ಲಿಯ ಬಳಿ ಹೆಂಗಸರು ಕೊಡಕ್ಕೆ ಕೊಡ ಬಡಿದು ಜಗಳಾಡಿದರೆ ಓಡಿ ಬಂದು, "ಕಾಕಾ, ಗಡಿ ಗಲಾಟೆ ನಡದದ" ಎನ್ನುತ್ತಿದ್ದೆ. ಅವನು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ. ಒಂದು ಮಾತನ್ನು ಮಾತ್ರ ಅವನು ನಗದೆ ಹೇಳುತ್ತಿದ್ದ.

"ಗುಂಪಿಗೆ ತಲಿ ಇರೂದಿಲ್ಲ ಅಂತಾರಲ್ಲ, ಅದು ಸುಳ್ಳು. ನಮ್ಮವನ ಅಂಗಡಿ ಅಂತ ಬಾಗಿಲ ಮ್ಯಾಲೆ ಬರದಿದ್ರ ಅದನ್ನ ಬಿಟ್ಟು ಬಾಜೂಕಿಂದು ಸುಟ್ಟಾರ. ಹುಚ್ಚು ಹಿಡದವರು ಹಂಗ ಆರಿಸಿ ಸುಡತಾರೇನು?"

"ಉಣ್ಣೂ ಹೊತ್ತಿನಾಗ ಸುಡೂ ಮಾತು ಬ್ಯಾಡ," ಎಂದು ಅವ್ವ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಬಡಿಯುತ್ತಿದ್ದಳು.

ಗಣಪತಿ ನಮ್ಮ ಮನೆಯಲ್ಲಿ ಐದು ದಿನ ಕೂಡುತ್ತಿದ್ದ. ಆ ಸಲ ಹಬ್ಬದ ನಡುವೆಯೇ ಊರಿನಲ್ಲಿ ಏನೋ ನಡೆಯಿತೆಂಬ ಸುದ್ದಿ ಬಂತು. ನದಿಯ ಕಡೆ ಯಾವುದೋ ಗುಡಿಯ ಮುಂದೆ ಹಿಂದೂ ಮುಸಲ್ಮಾನರ ಜಗಳವಂತೆ, ಕಲ್ಲು ತೂರಿದರಂತೆ. ಪೋಳಿನ ಕಟ್ಟೆಗಳ ಮೇಲೆ ಕುಳಿತ ಒಬ್ಬೊಬ್ಬರ ಬಾಯಿಗೂ ಅದು ಒಂದು ಸುತ್ತು ದಪ್ಪವಾಗುತ್ತಿತ್ತು. ಆ ಸಂಜೆಯೇ ಕಾಸಮ್‌ಭಾಯ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವಳ ತವರಿಗೆ ಹೊರಟುಹೋದ. ಅಂಗಡಿಗೆ ಬೀಗ ಹಾಕುವಾಗ ಮಣಿಬಾ ತಮ್ಮ ಕಟ್ಟೆಯಿಂದ, "ಗಾದಿ ಯಾವಾಗ ಕೊಡ್ತೀಯ?" ಎಂದು ಕೇಳಿದ್ದರು. "ಹೊಲಿಗೆ ಸ್ವಲ್ಪ ಉಳಿದಿದೆ ಬಾ, ಬಂದ ತಕ್ಷಣ," ಎಂದಿದ್ದ. ಮರುದಿನ ಬೆಳಿಗ್ಗೆ ಬಟ್ಟೆ ಗಿರಣಿಯ ಕೂಗು ಕೇಳಲಿಲ್ಲ. ಹುಟ್ಟಿದಾರಭ್ಯ ಅದೇ ಕೂಗಿಗೆ ಎದ್ದ ಪೋಳಿನ ಜನ ಹೊತ್ತು ತಿಳಿಯದೆ ಬಾಗಿಲಲ್ಲಿ ನಿಂತಿದ್ದರು. ಮಾಳಿಗೆ ಹತ್ತಿ ನೋಡಿ ಬಂದ ಕಾಕಾ, ಹೊಗೆ ನಾಲ್ಕು ದಿಕ್ಕಿನಲ್ಲಿಯೂ ಇದೆ ಎಂದ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಸ್ಟೇಷನ್ನಿನಿಂದ ಹಳಿಗುಂಟ ನಡೆದು ಮನೆ ಮುಟ್ಟಿದ. ಏನು ನೋಡಿದೆ ಎಂದು ಅವ್ವ ಕೇಳಿದರೆ ಕೈಕಾಲು ತೊಳೆದು ಗಣಪತಿಯ ಮುಂದೆ ಕುಳಿತ.

ಅವರು ಬಂದದ್ದು ಊಟದ ಎಲೆ ಎತ್ತಿದ ಮೇಲೆ. ಗುಂಪು ಎಂದರೆ ಕಿರುಚಾಟವಿರುತ್ತದೆ ಎಂದುಕೊಂಡಿದ್ದೆ. ಮೊದಲು ಕೇಳಿಸಿದ್ದು ಚಪ್ಪಲಿಗಳ ಸದ್ದು, ಆಮೇಲೆ ಮಾಮೂಲಿ ಮಾತು, ಯಾರೋ ನಕ್ಕದ್ದು. ಕಿಟಕಿಯ ಬಾಗಿಲನ್ನು ಅವ್ವ ಎಳೆದುಕೊಂಡರೂ ನಡುವೆ ಸಂದು ಉಳಿದಿತ್ತು. ಕಾಸಮ್‌ಭಾಯ್‌ನ ಬೀಗಕ್ಕೆ ಒಬ್ಬ ಕಬ್ಬಿಣದ ಸರಳು ಹಾಕಿ ಮೀಟುತ್ತಿದ್ದ. ಕಾಕಾ ಒಮ್ಮೆಗೇ ಎದ್ದು ಬಾಗಿಲಿಗೆ ನಡೆದ. ಅಪ್ಪ ಅವನಿಗಿಂತ ಮೊದಲು ತಲುಪಿ ಅಗಳಿ ಹಾಕಿ, ಬೆನ್ನು ಕೊಟ್ಟು ನಿಂತ.

"ಬಿಡಣ್ಣಾ. ಅಂಗಡ್ಯಾಗ ಯಾರೂ ಇಲ್ಲ, ಖಾಲಿ ಅಂಗಡಿ ಸುಡಬ್ಯಾಡ್ರಿ ಅಂತ ಹೇಳಿ ನೋಡತೀನಿ."

"ನಿನ್ನ ಭಾಷಾ ಕೇಳಿದ ಕೂಡ್ಲೆ ನೀ ಯಾವ ಊರಾಂವ ಅಂತ ಕೇಳತಾರ. ಮುಂದ ಕೇಳೂದು ಏನಂತ ಗೊತ್ತದ ಏನು? ಕೂಡು."

ಕಾಕಾ ಅಪ್ಪನ ತೋಳು ಹಿಡಿದು ಎಳೆದ. ಅಪ್ಪ ಅವನ ಕೆನ್ನೆಗೆ ಹೊಡೆದ. ಅಪ್ಪ ಯಾರಿಗಾದರೂ ಹೊಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಏದುಸಿರು ಬಿಡುತ್ತಿದ್ದಾಗ ಕೆಳಗಿನಿಂದ ಮಣಿಬಾನ ದನಿ ಕೇಳಿತು. ನನ್ನನ್ನು ರೊಟ್ಟಿಗೆ ಕರೆಯುತ್ತಿದ್ದಂಥದೇ ಗಟ್ಟಿ ದನಿ.

"ಏ ಹುಡುಗರಾ, ನಿಲ್ಲಿ ನಿಲ್ಲಿ! ನನ್ನ ಗಾದಿ ಒಳಗಿದೆ. ಮೊದಲು ಅದನ್ನ ತೆಗೆದುಕೊಡಿ."

ಸರಳು ಹಿಡಿದವನು ತಿರುಗಿ ನೋಡಿದ.

"ಯಾವುದು ಬಾ?"

"ನೀಲಿ ಪಟ್ಟೆಯದು. ಮೇಲಿನ ಮದ್ರಾಸಿಗಳದ್ದೂ ಒಂದಿದೆ, ಕೆಂಪು ಪಟ್ಟೆ. ಅದನ್ನೂ ತನ್ನಿ. ಪಾಪ, ಚಿಕ್ಕ ಹುಡುಗಿ ಇದ್ದಾಳೆ, ಚಳಿಗಾಲದಲ್ಲಿ ಕಲ್ಲಿನ ಮೇಲೆ ಮಲಗಬೇಕಾ?"

ಅವರು ಒಳಗೆ ಹೋದರು. ಒಂದು ಗಾದಿ ಹೊತ್ತು ತಂದರು. ಮಣಿಬಾ ನೋಡಿ, ಇದಲ್ಲ, ಇದು ಯಾರದೋ, ಇದರ ಅಡಿಯಲ್ಲಿರಬೇಕು ಎಂದರು. ಅದನ್ನು ಒಳಗೆ ಎಸೆದು ಮತ್ತೆ ಹುಡುಕಿದರು. ಹೊರಗೆ ನಿಂತವರು ಸೀಮೆಎಣ್ಣೆಯ ಡಬ್ಬ ಕೆಳಗಿಟ್ಟು ಕಾದರು, ಒಬ್ಬ ಬೀಡಿ ಹಚ್ಚಲು ಹೋದಾಗ ಇನ್ನೊಬ್ಬ ಬೈದ, ಒಳಗೆ ಜನ ಇದ್ದಾರೆ, ಹತ್ತಿ ಇದೆ, ಎಚ್ಚರವಿಲ್ಲವೇ ಎಂದು. ಕೊನೆಗೆ ನೀಲಿ ಪಟ್ಟೆ ಸಿಕ್ಕಿತು, ಕೆಂಪು ಪಟ್ಟೆಯೂ ಸಿಕ್ಕಿತು. ಎರಡನ್ನೂ ದೂರ ಇಟ್ಟ ಮೇಲೆ ಅಂಗಡಿಗೆ ಬೆಂಕಿ ಕೊಟ್ಟರು. ಕಾಕಾ ಕಿಟಕಿಯ ಸಂದಿಗೆ ಹಣೆ ಒತ್ತಿ ಇದೆಲ್ಲವನ್ನೂ ನೋಡಿದ. ಅಪ್ಪ ಬಾಗಿಲು ಬಿಟ್ಟು ಸರಿದಿದ್ದ. ಆದರೆ ಕಾಕಾ ಮತ್ತೆ ಬಾಗಿಲ ಕಡೆ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ಬಡಿದ ಸದ್ದು. ತಲೆಗೂದಲಿಗೆಲ್ಲ ಹತ್ತಿಯ ಎಳೆ ಅಂಟಿಕೊಂಡ ಒಬ್ಬ ಹುಡುಗ ಗಾದಿಯನ್ನು ಆ ಕಡಿದಾದ ಮೆಟ್ಟಿಲ ಮೇಲೆ ಹೊತ್ತು ತಂದಿದ್ದ. "ತಗೊಳ್ಳಿ ಬೆನ್," ಎಂದು ಅವ್ವನ ಮುಂದೆ ಇಳಿಸಿದ. ಬೆನ್ ಎಂದರೆ ಅಕ್ಕ. ಕುಡಿಯಲು ನೀರು ಕೇಳಿದ. ಅವ್ವ ಕೊಟ್ಟಳು. ಕೇಳಿದವರಿಗೆ ನೀರು ಕೊಡುವುದಷ್ಟೇ ಆ ಹೊತ್ತಿಗೆ ಅವಳಿಗೆ ತೋಚಿರಬೇಕು. ಅವನು ಗಟಗಟ ಕುಡಿದು, ಚೊಂಬನ್ನು ಎರಡೂ ಕೈಯಿಂದ ಹಿಂತಿರುಗಿಸಿ, ಗಣಪತಿಗೆ ಕೈಮುಗಿದು ಇಳಿದುಹೋದ.

ಕರ್ಫ್ಯೂ ಹಾಕಿದರು. ಮಿಲಿಟರಿಯವರ ಬೂಟಿನ ಸದ್ದು ಪೋಳಿನ ಬಾಗಿಲವರೆಗೆ ಬಂದು ಹೋಗುತ್ತಿತ್ತು. ಗಣಪತಿಯನ್ನು ನದಿಗೆ ಒಯ್ಯಲಾಗದೆ ಅಪ್ಪ ಬಚ್ಚಲ ಹಂಡೆಯಲ್ಲಿ ಬಿಟ್ಟ. ಜೈಕಾರವನ್ನು ತುಟಿಯಲ್ಲಿಯೇ ಹೇಳಿದೆವು. ಅವ್ವ ಆ ಮಣ್ಣು ನೀರನ್ನು ಏನು ಮಾಡಬೇಕೆಂದು ತಿಳಿಯದೆ ಹಂಡೆಯ ಬಾಯಿಗೆ ಮಣೆ ಮುಚ್ಚಿ ಇಟ್ಟಳು. ಹತ್ತಿ ಒಮ್ಮೆಗೇ ಉರಿದು ಮುಗಿಯುವುದಿಲ್ಲ. ಬೆಂಕಿ ಆರಿದಂತೆ ಕಂಡ ಮೇಲೂ ಕಾಸಮ್‌ಭಾಯ್‌ನ ಅಂಗಡಿ ಒಳಗೊಳಗೇ ಹೊಗೆಯಾಡುತ್ತಿತ್ತು, ಅನ್ನದಲ್ಲಿಯೂ ಆ ವಾಸನೆಯಿತ್ತು. ಗಾದಿಯನ್ನು ಅವ್ವ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದಳು. ನೆಲಕ್ಕೆ ಕೌದಿ ಹಾಸಿ, ಅದರ ಮೇಲೆ ಎಲ್ಲರನ್ನೂ ಮಲಗಿಸಿದಳು.

"ಹುಡುಗಿ ಕಲ್ಲಿನ ಮ್ಯಾಲೆ ಮಲಗಬೇಕೇನು?" ಎಂದ ಅಪ್ಪ.

"ಮಣಿಬಾನೂ ಇದನ್ನ ಅಂದರು," ಎಂದಳು ಅವ್ವ.

ಅಣ್ಣತಮ್ಮಂದಿರು ಮಾತಾಡುತ್ತಿರಲಿಲ್ಲ. ಮನೆಯೆಂದರೆ ಎರಡು ಕೋಣೆ, ಹೊರಗೆ ಹೋಗುವಂತಿಲ್ಲ. ಊಟದ ತಟ್ಟೆಯನ್ನು ಕಾಕಾ ಕಿಟಕಿಯ ಬಳಿ ಒಯ್ಯುತ್ತಿದ್ದ. ಒಂದು ಮಧ್ಯಾಹ್ನ ಅವನೇ ಬಾಯಿ ಬಿಟ್ಟ.

"ನೀ ನನ್ನ ಬಿಟ್ಟಿದ್ರ..."

"ಬಿಟ್ಟಿದ್ರ ಏನ ಮಾಡ್ತಿದ್ದಿ? ಎಷ್ಟ ಮಂದಿ ಬಂದಾರ ಅಂತ ಎಣಸ್ತಿದ್ದೇನು? ಇದು ಗಡೀದೋ ಅಂಗಡೀದೋ ಅಂತ ಕೇಳ್ತಿದ್ದೇನು?"

ಕಾಕಾನ ಕಣ್ಣು ತುಂಬಿತು. ಅವ್ವ ಇಬ್ಬರ ನಡುವೆ ಬಂದು, "ಇಬ್ರೂ ಸುಮ್ನ ಉಣ್ರಿ. ಅಂವ ನೀರ ಕೇಳಿದಾಗ ನಾ ಕೊಟ್ಟೆ. ನಾ ಯಾರಿಗೆ ಏನನ್ನಲಿ?" ಎಂದಳು.

ಹಗಲು ಕೆಲವು ತಾಸು ಕರ್ಫ್ಯೂ ಸಡಿಲಿಸತೊಡಗಿದ ಮೇಲೆ ಒಂದು ದಿನ ಕಾಸಮ್‌ಭಾಯ್ ಬಂದ. ಅಂಗಡಿಯಿದ್ದ ಜಾಗದಲ್ಲಿ ಕಾಲಿನಿಂದ ಬೂದಿ ಸರಿಸುತ್ತ ಬಹಳ ಹೊತ್ತು ನಿಂತಿದ್ದ. ಪೋಳಿನ ಜನ ಬಾಗಿಲು ಮುಚ್ಚಿಕೊಂಡರು. ಆಮೇಲೆ ಆತ ಬಂದದ್ದು ನಮ್ಮ ಮೆಟ್ಟಿಲ ಬುಡಕ್ಕೆ. ಮೇಲೆ ಹತ್ತಲಿಲ್ಲ. ಅಪ್ಪ ಅರ್ಧ ಮೆಟ್ಟಿಲು ಇಳಿದು ನಿಂತ. ಹಿಂದೆ ಅವ್ವ, ಅವಳ ಸೆರಗು ಹಿಡಿದು ನಾನು. ಆತನ ಗಡ್ಡ ಬೆಳೆದಿತ್ತು, ಮೈಮೇಲಿನ ಅಂಗಿ ಯಾರದೋ ದೊಡ್ಡವರದು.

"ಸಾಹೇಬರೆ, ನಿಮ್ಮ ಗಾದಿ ಹೋಯಿತು," ಎಂದ. "ನನ್ನ ಕೈಗೆ ಕೊಟ್ಟಿದ್ದಿರಿ. ಕಾಪಾಡೋದಕ್ಕೆ ಆಗಲಿಲ್ಲ. ಮತ್ತೆ ಕೆಲಸ ಶುರು ಮಾಡಿದರೆ ಮೊದಲು ನಿಮ್ಮದು ಮಾಡಿಕೊಡ್ತೀನಿ."

ಅಪ್ಪ ಏನು ಹೇಳಬೇಕಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅವನು ಹೇಳಿದ್ದು, "ಹೋಗಲಿ ಬಿಡಿ ಕಾಸಮ್‌ಭಾಯ್, ನಿಮಗೆ ಇಷ್ಟಾಗಿರುವಾಗ ಗಾದಿಯ ಮಾತೇಕೆ," ಎಂದು. ಅದನ್ನು ಕೇಳಿ ಕಾಸಮ್‌ಭಾಯ್ ಮುಖ ಮುಚ್ಚಿಕೊಂಡು ಅತ್ತ. ಊರಿನಲ್ಲಿ ನಿಮ್ಮಂಥವರು ಇನ್ನೂ ಇದ್ದಾರಲ್ಲ ಎಂದ. ಅವ್ವನಿಗೆ ತಡೆಯಲಾಗಲಿಲ್ಲ.

"ಅದು ಸುಟ್ಟಿಲ್ಲ," ಎಂದಳು ತನ್ನ ಹರಕು ಗುಜರಾತಿಯಲ್ಲಿ. "ನಮ್ಮ ಮನೆಯಲ್ಲಿದೆ."

ಕಾಸಮ್‌ಭಾಯ್‌ಗೆ ಅರ್ಥವಾಗಲಿಲ್ಲ. ಅವ್ವ ಮತ್ತೊಮ್ಮೆ ಹೇಳಿದಳು. ಬೆಂಕಿ ಹಚ್ಚುವ ಮೊದಲು ಹುಡುಗರು ಹೊರಗೆ ತಂದರು ಎಂದಳು. ತನ್ನ ಅಳು ನಿಲ್ಲಿಸಿ ಆತ ಅವಳ ಮುಖವನ್ನೇ ನೋಡಿದ.

"ಒಳಗೆ ಹೋಗಿ ತಂದರಾ? ಹುಡುಕಿ?"

"ಹೌದು."

"ನನ್ನ ಬಿಲ್ಲು ಅಲ್ಲೇ ಇತ್ತು ಬೆನ್. ಗಾದಿಗಳ ಮೇಲೆಯೇ ಗೋಡೆಗೆ ತೂಗುಹಾಕಿದ್ದೆ. ಗಾದಿ ತೆಗೆಯಬೇಕಾದರೆ ಅದನ್ನ ಸರಿಸಿಯೇ ತೆಗೆಯಬೇಕು."

ಆತ ಅಂಗಡಿಯಿದ್ದ ಕಡೆ ಒಮ್ಮೆ ತಿರುಗಿ ನೋಡಿದ.

"ಯಾರು ಹೇಳಿದರು ತರೋದಕ್ಕೆ?"

ಅವ್ವ ನೆಲ ನೋಡಿದಳು. ಒಳಗೆ ತೂಗುಮಣೆಯ ಸರಪಳಿಯ ಸದ್ದು ನಿಂತಿತು. ಮಣಿಬಾ ಎದ್ದು ತಮ್ಮ ಬಾಗಿಲಿಗೆ ಬಂದರು.

"ನಾನೇ ಹೇಳಿದೆ," ಎಂದರು. "ಹೇಗೂ ಸುಡುವವರಿದ್ದರು. ಇದ್ದದ್ದರಲ್ಲಿ ಉಳಿದದ್ದು ಉಳಿಯಲಿ ಅಂತ ಹೇಳಿದೆ. ತಪ್ಪೇನು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಮಳೆ ಬಂದಾಗ ಹಪ್ಪಳ ಒಳಗೆ ತಂದ ಸಂಗತಿಯನ್ನು ಹೇಳಿದಂತಿತ್ತು. ಕಾಸಮ್‌ಭಾಯ್, "ಇಲ್ಲ ಬಾ," ಎಂದ. ಅವ್ವ ಮೆಟ್ಟಿಲು ಇಳಿದು, ಆ ಗಾದಿಯನ್ನು ಒಯ್ದು ನಿಮ್ಮ ಮಕ್ಕಳಿಗೆ ಹಾಸಿ ಎಂದು ಬೇಡಿಕೊಂಡಳು. ಆತ ತಲೆಯಾಡಿಸಿದ.

"ಅದನ್ನ ಹೊತ್ತು ಹೋದರೆ ಪೊಲೀಸರು ಕದ್ದದ್ದು ಅಂತಾರೆ ಬೆನ್. ಕದ್ದದ್ದಲ್ಲ ಅಂತ ಬಿಟ್ಟರೂ, ನನ್ನ ಹೆಂಡತಿ ಕೇಳಿದರೆ ಇದು ಹೇಗೆ ಉಳೀತು ಅಂತ ಹೇಳಲಿ?"

ಆತ ಹೊರಟ. ಕಾಕಾ ಮೇಲಿನಿಂದ ದಡದಡ ಇಳಿದು ಹಿಂದೆಯೇ ಓಡಿದ. ಪೋಳಿನ ಬಾಗಿಲಲ್ಲಿ ಆತನ ತೋಳು ಹಿಡಿದು ಏನೋ ಹೇಳಿದ. ಕಾಸಮ್‌ಭಾಯ್ ಕೇಳಿಸಿಕೊಂಡ, ಮೆಲ್ಲಗೆ ಕೈ ಬಿಡಿಸಿಕೊಂಡು ನಡೆದುಬಿಟ್ಟ. ಮತ್ತೆ ನಾವು ಆತನನ್ನು ನೋಡಲಿಲ್ಲ. ಬೇಸಿಗೆಯ ಹೊತ್ತಿಗೆ ಆ ಜಾಗದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಬಂತು. ಗಾದಿಯ ಮೇಲೆ ಅವ್ವ ಯಾರನ್ನೂ ಮಲಗಿಸಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಮುಂದಿನ ಮಳೆಗಾಲದಲ್ಲಿ ಅದು ಬೂಸಲು ಹಿಡಿದು ನಾರತೊಡಗಿದಾಗ ಅಪ್ಪ ಯಾರನ್ನೋ ಕರೆಸಿ ಒಯ್ಯಿಸಿದ.

ಕಾಕಾ ಬರೋಡಾಕ್ಕೆ ಹಿಂತಿರುಗಿದ. ಪ್ರಬಂಧ ಮುಗಿಸಿದ, ಪದವಿ ಬಂತು, ಗದಗಿನ ಕಡೆ ಕಾಲೇಜಿನಲ್ಲಿ ಮೇಷ್ಟ್ರಾದ. ಬಹಳ ವರ್ಷಗಳ ನಂತರ ನಾನು ಆ ಪ್ರಬಂಧವನ್ನು ಓದಿದೆ. ಹೊಟ್ಟೆ, ಗಡಿ, ಅಂಗಡಿ ಮೂರೂ ದೊಡ್ಡ ಇಂಗ್ಲಿಷ್ ಹೆಸರು ಹೊತ್ತು ಅಲ್ಲಿದ್ದವು. ಸರಸ್‌ಪುರದ ಸುಳಿವೇ ಇರಲಿಲ್ಲ. ಯಾಕೆ ಎಂದು ಕೇಳಿದೆ. ಆಗ ಅವನಿಗೆ ಕಣ್ಣು ಮಂಜಾಗಿತ್ತು.

"ಯಾರು ಬಂದರು, ಯಾರಿಗೆ ಹೊಡದರು, ಏನ ಒಯ್ದರು, ಎಲ್ಲಾ ಪೊಲೀಸರ ಕಾಗದದಾಗ ಸಿಗತದವಾ. ಕಟ್ಟಿ ಮ್ಯಾಲೆ ಕೂತವರು ಯಾವ ಕಾಗದದಾಗೂ ಇಲ್ಲ. ಕಿಟಕ್ಯಾಗ ನಿಂತವರೂ ಇಲ್ಲ. ಆ ಗುಂಪಿಗೆ ನಾ ಏನಂತ ಹೆಸರಿಡಲಿ?"

ನಾವು ಆ ಮನೆಯಲ್ಲಿಯೇ ಇನ್ನೂ ಕೆಲವು ಕಾಲ ಇದ್ದೆವು. ಬೇರೆ ಮನೆ ಹುಡುಕುತ್ತೇನೆ ಎನ್ನುತ್ತಿದ್ದ ಅಪ್ಪ, ಹುಡುಕಲಿಲ್ಲ. ಅವ್ವ ಕೆಳಗೆ ಹೋಗುವುದನ್ನು ಬಿಟ್ಟಳು. ಆದರೆ ನನ್ನನ್ನು ತಡೆಯಲಿಲ್ಲ. ಆ ಚಳಿಗಾಲದಲ್ಲಿ ನನಗೆ ವಿಷಮಶೀತ ಜ್ವರ ಬಂದಿತು. ಮಣಿಬಾ ತಮ್ಮ ಮಂಡಿನೋವನ್ನೂ ಲೆಕ್ಕಿಸದೆ ಹಗ್ಗ ಹಿಡಿದು ಆ ಮೆಟ್ಟಿಲು ಹತ್ತಿ ಬಂದು, ದಿನವೂ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂಡುತ್ತಿದ್ದರು. ನಾನು ಬದುಕಿದರೆ ಕಾಲ್ನಡಿಗೆಯಲ್ಲಿ ಬಂದು ದರ್ಶನ ಮಾಡುತ್ತೇನೆಂದು ಅಂಬಾಜಿ ದೇವಿಗೆ ಹರಕೆ ಹೊತ್ತರು. ಜ್ವರದ ಮಂಪರಿನಲ್ಲಿ ನಾನು ಕರೆದದ್ದು ಅವರನ್ನೇ ಎಂದು ಅವ್ವ ಆಮೇಲೆ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚಲ್ಲ, ಹೆದರಿಕೆ. ಅವರ ಪ್ರೀತಿ ಸುಳ್ಳು ಎಂದುಕೊಂಡಿದ್ದರೆ ನನ್ನ ಬಾಲ್ಯ ಎಷ್ಟೋ ಹಗುರವಾಗುತ್ತಿತ್ತು. ಅದು ಸುಳ್ಳಾಗಿರಲಿಲ್ಲ. ಯಾರಾದರೂ ನನ್ನ ಮೇಲೆ ಅಕ್ಕರೆ ತೋರಿದರೆ, ಇವರು ಯಾರ ಬಾಗಿಲ ಮುಂದೆ ಹೇಗೆ ನಿಂತಿರಬಹುದು ಎಂದು ಮನಸ್ಸು ಕೇಳತೊಡಗಿದ್ದು ಆ ಮನೆಯಿಂದಲೇ. ಗಂಡನನ್ನೂ ಹಾಗೆ ನೋಡಿದ್ದೇನೆ, ಗೆಳತಿಯರನ್ನೂ.

ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಟಾಂಗಾ ಪೋಳಿನ ಬಾಗಿಲಲ್ಲಿ ನಿಂತಿತ್ತು. ಮಣಿಬಾ ದಾರಿಗೆಂದು ಥೇಪ್ಲಾ ರೊಟ್ಟಿ ಸುಟ್ಟು ಬಟ್ಟೆಯಲ್ಲಿ ಕಟ್ಟಿದ್ದರು. ಅಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಅವ್ವ ಗಂಟು ತೆಗೆದುಕೊಂಡಳು, ನಿಂತಲ್ಲೇ ಕೈ ಮುಗಿದಳು, ಬಗ್ಗಲಿಲ್ಲ. ಅದು ಮಣಿಬಾಗೆ ತಿಳಿಯಿತು. ಅವರು ನನ್ನನ್ನು ಎಳೆದು ಎದೆಗೊತ್ತಿಕೊಂಡರು. ಮೂಗಿಗೆ ತುಪ್ಪದ, ನಶ್ಯದ ವಾಸನೆ ಬಡಿಯಿತು. ಅವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ.

"ನನ್ನ ಮರೆಯೋದಿಲ್ಲ ತಾನೆ ಮಗಳೇ?"

"ಇಲ್ಲ ಬಾ," ಎಂದೆ.

ಮರೆಯಲು ನಾನು ಪ್ರಯತ್ನಪಟ್ಟದ್ದು ಆಮೇಲೆ, ದೊಡ್ಡವಳಾದ ಮೇಲೆ. ಆಗಲಿಲ್ಲ.